ಮೋಟಾರು ಸೈಕಲ್ಲಿನ ಕಾಯಿಲ್ ಮತ್ತು ಅದರ ರೋಧ

ಮೋಟಾರು ಸೈಕಲ್ಲು ಪೆಟ್ರೋಲಿನಿಂದ ಓಡುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಪೆಟ್ರೋಲಿಗೆ ತಕ್ಕ ಕ್ಷಣದಲ್ಲಿ ಕಿಡಿ ತಾಗದಿದ್ದರೆ, ಟ್ಯಾಂಕು ತುಂಬಿದ್ದರೂ ಗಾಡಿ ಒಂದು ಮಾರು ದೂರ ಸಾಗದು. ಈ ಕಿಡಿಗೆ ಬೇಕಾದ ವಿದ್ಯುತ್ತನ್ನು ಒದಗಿಸುವ ಭಾಗವೇ ಇಗ್ನಿಷನ್ ಕಾಯಿಲ್. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಇಂಥ ಹಳೆಯ ಗಾಡಿಗೆ, ಕಿಡಿ ಜೋರಾಗಿ ಬರಲೆಂದು, ಕೈಗೆ ಸಿಕ್ಕಿದ ಕಾಯಿಲನ್ನು ಹಾಕಿಸಿಬಿಡುವುದುಂಟು. ಅದರಿಂದಾಗುವ ಪರಿಣಾಮವೇನೆಂಬುದನ್ನು ಭೌತಶಾಸ್ತ್ರ ಓದದವರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಮೇಲೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಮೊದಲನೆಯದು ದಪ್ಪ ತಂತಿಯದು, ಸುತ್ತುಗಳು ಕೆಲವು ನೂರು. ಎರಡನೆಯದು ಕೂದಲಿನಂಥ ಸಣ್ಣ ತಂತಿಯದು, ಸುತ್ತುಗಳು ಹಲವು ಸಾವಿರ. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ವಿದ್ಯುತ್ತು ಮೊದಲನೆಯ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಪಾಯಿಂಟ್ ತೆರೆದೊಡನೆ ಪ್ರವಾಹ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡ ಹುಟ್ಟಿ, ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದಕ್ಕೆ ಆಧಾರ.

ಇನ್ನು ರೋಧವೆಂದರೇನು? ನಮ್ಮ ಹಳ್ಳಿಯ ಕೆರೆಯ ತೂಬನ್ನು ನೆನೆಯೋಣ. ಕೆರೆಯ ನೀರಿನ ಮಟ್ಟ ವೋಲ್ಟೇಜಿನಂತೆ. ತೂಬಿನ ಇಕ್ಕಟ್ಟು ರೋಧದಂತೆ. ಕಾಲುವೆಗೆ ಹರಿದುಬರುವ ನೀರು ಪ್ರವಾಹದಂತೆ. ತೂಬು ಇಕ್ಕಟ್ಟಾದರೆ ನೀರು ಕಡಿಮೆ, ಅಗಲವಾದರೆ ಹೆಚ್ಚು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆಂಬ ಓಮ್‌ನ ನಿಯಮ ಹೇಳುವುದೂ ಇದನ್ನೇ. 6 ವೋಲ್ಟಿನ ಬ್ಯಾಟರಿಗೆ 1.5 ಓಮ್ ರೋಧದ ಕಾಯಿಲನ್ನು ಜೋಡಿಸಿದರೆ ಪ್ರವಾಹ 4 ಆಂಪಿಯರ್, ಖರ್ಚಾಗುವ ಶಕ್ತಿ 24 ವ್ಯಾಟ್.

ಈಗ ಗಾಡಿಯ ಒಟ್ಟು ಜಮಾಖರ್ಚನ್ನು ನೋಡೋಣ. ಡೈನಮೋ 45 ವ್ಯಾಟಿನದೆಂದು ಇಟ್ಟುಕೊಳ್ಳಿ. ಗಾಡಿ ಓಡುವಾಗ ಪಾಯಿಂಟ್ ಸುಮಾರು ಅರ್ಧ ಕಾಲ ಮಾತ್ರ ಮುಚ್ಚಿರುವುದರಿಂದ ಕಾಯಿಲಿನ ಸರಾಸರಿ ಖರ್ಚು ಸ್ಥೂಲವಾಗಿ 12 ವ್ಯಾಟ್. ಮುಂದಿನ ದೀಪಕ್ಕೆ 25, ಹಿಂದಿನದಕ್ಕೆ 5, ಒಟ್ಟು 42. ಆದಾಯದೊಳಗೇ ಸಂಸಾರ ಸಾಗಿತು. ಆದರೆ ರೋಧ ಅರ್ಧಕ್ಕಿಳಿದ 0.75 ಓಮ್‌ನ ಕಾಯಿಲನ್ನು ಹಾಕಿದರೆ ಪ್ರವಾಹ 8 ಆಂಪಿಯರಿಗೇರಿ, ಸರಾಸರಿ ಖರ್ಚು 24 ವ್ಯಾಟ್ ಆಗುತ್ತದೆ. ಒಟ್ಟು ಖರ್ಚು 54. ಕೊರತೆಯಾದ 9 ವ್ಯಾಟನ್ನು ಬ್ಯಾಟರಿಯೇ ತೆರಬೇಕು. ಹಗಲಿನಲ್ಲಿ ಇದು ಗೊತ್ತಾಗುವುದಿಲ್ಲ. ರಾತ್ರಿ ಆಗುಂಬೆಯ ಘಾಟಿಯಂಥ ದಾರಿಯಲ್ಲಿ, ದೀಪ ಹೊತ್ತಿಸಿಕೊಂಡು ಬಹಳ ಹೊತ್ತು ಹೋಗುವಾಗ, ಬೆಳಕು ಮೆಲ್ಲಮೆಲ್ಲನೆ ಕುಂದುತ್ತದೆ. ಕಡೆಗೆ ಕಿಡಿಯೂ ಸೊರಗುತ್ತದೆ. ಕಿಡಿ ಹೆಚ್ಚಲೆಂದು ಮಾಡಿದ ಉಪಾಯವೇ ಕಿಡಿಗೆ ಮುಳುವಾಯಿತು!

ಕೆಲವರು 6 ವೋಲ್ಟಿನ ಹಳೆಯ ಗಾಡಿಯನ್ನು 12 ವೋಲ್ಟಿಗೆ ಮಾರ್ಪಡಿಸುತ್ತಾರೆ. ದೀಪದ ಮಟ್ಟಿಗೆ ಇದರಿಂದ ಅನುಕೂಲವುಂಟು. ಆದರೆ ಹಳೆಯ 1.5 ಓಮ್‌ನ ಕಾಯಿಲನ್ನೇ ಉಳಿಸಿಕೊಂಡರೆ ಪ್ರವಾಹ 4ರಿಂದ 8 ಆಂಪಿಯರಿಗೆ ಏರುತ್ತದೆ. ಶಾಖವಾದರೋ ಎರಡು ಪಟ್ಟಲ್ಲ, ನಾಲ್ಕು ಪಟ್ಟು; 24 ವ್ಯಾಟಿದ್ದದ್ದು 96 ವ್ಯಾಟ್. ಪಾಯಿಂಟಿನ ಮುಖ ಸುಟ್ಟು ಕಪ್ಪಾಗುತ್ತದೆ, ಕಾಯಿಲಿನ ತಂತಿಯ ಹೊದಿಕೆ ಕರಗುತ್ತದೆ. ಇಂಥಲ್ಲಿ 12 ವೋಲ್ಟಿಗೆ ತಕ್ಕ ಕಾಯಿಲನ್ನು, ಅಂದರೆ ಸುಮಾರು 3ರಿಂದ 4 ಓಮ್ ರೋಧವುಳ್ಳದ್ದನ್ನು, ಹಾಕಿಸುವುದೇ ಸರಿ. ಎಂಜಿನ್ ನಿಂತಿರುವಾಗ ಕೀಲಿಯನ್ನು ತಿರುಗಿಸಿಯೇ ಬಿಟ್ಟಿದ್ದು, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ, ಸರಿಯಾದ ಕಾಯಿಲೂ ಬಿಡುವಿಲ್ಲದೆ ಕಾಯುತ್ತದೆಂಬುದನ್ನು ಮರೆಯಬಾರದು.

ಹಾಗೆಂದು ರೋಧ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಅರ್ಧ ಓಮ್‌ನಷ್ಟು ರೋಧ ಸೇರಿಕೊಂಡಿತೆನ್ನೋಣ. 6 ವೋಲ್ಟಿನ ಗಾಡಿಯಲ್ಲಿ ಒಟ್ಟು ರೋಧ 2 ಓಮ್, ಪ್ರವಾಹ 3 ಆಂಪಿಯರ್. ನಾಲ್ಕರಲ್ಲಿ ಒಂದು ಪಾಲು ಹೋಯಿತು, ಅಷ್ಟೇ ತಾನೆ ಎನ್ನಬಹುದು. ಆದರೆ ಕಾಂತಕ್ಷೇತ್ರದಲ್ಲಿ ಕೂಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಹದಿನಾರು ಪಾಲಿದ್ದದ್ದು ಒಂಬತ್ತು ಪಾಲಿಗೆ ಇಳಿಯಿತು! ಅನೇಕ ವೇಳೆ ದೋಷವಿರುವುದು ಇಂಥ ತುಕ್ಕಿನಲ್ಲಿ. ದಂಡ ಬೀಳುವುದು ಹೊಸ ಕಾಯಿಲಿಗೆ. ಆದ್ದರಿಂದ ಹಣ ತೆರುವ ಮೊದಲು ಮರಳುಕಾಗದದಿಂದ ಜೋಡಣೆಗಳನ್ನು ಉಜ್ಜಿ ನೋಡುವುದು ಲೇಸು.

ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದಾಗ ಶೇಕಡಾ 0.4ರಷ್ಟು ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 1.5 ಓಮ್ ಇದ್ದ ಸುರುಳಿ 100 ಡಿಗ್ರಿಯಲ್ಲಿ ಸುಮಾರು 2 ಓಮ್ ಆಗುತ್ತದೆ. ಬೆಳಗಿನ ತಂಪಿನಲ್ಲಿ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನ ಮುನಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ರೋಧವನ್ನು ಅಳೆಯಲು ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಕಾಯಿಲಿನ ತಂತಿಗಳನ್ನು ಬಿಚ್ಚಿ, ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಗುರುತು ಹಾಕಿಕೊಳ್ಳಬೇಕು. ಆಮೇಲೆ ಕಾಯಿಲಿನ ಅಳತೆಯಿಂದ ಅದನ್ನು ಕಳೆಯಬೇಕು. ಅಂಕಿ ಸರಿಯಾಗಿದ್ದ ಮಾತ್ರಕ್ಕೆ ಕಾಯಿಲು ನಿರ್ದೋಷಿಯೆಂದು ತೀರ್ಪು ಕೊಡುವಂತಿಲ್ಲ. ಸಾವಿರಾರು ವೋಲ್ಟಿನ ಒತ್ತಡದಲ್ಲಿ ಮಾತ್ರ ಬಯಲಾಗುವ ಹೊದಿಕೆಯ ಬಿರುಕು ಮೀಟರಿಗೆ ಕಾಣುವುದಿಲ್ಲ.

ಕಾಯಿಲು, ಬ್ಯಾಟರಿ, ಡೈನಮೋ, ದೀಪ ಇವೆಲ್ಲ ಒಂದೇ ಮನೆಯಲ್ಲಿ ಒಂದೇ ಆದಾಯದಿಂದ ಬಾಳುವವು. ಒಬ್ಬನ ಅಬ್ಬರಕ್ಕೆ ಉಳಿದವರು ಸೊರಗಬೇಕಾಗುತ್ತದೆ. ಜೋರಾದ ಕಿಡಿಯನ್ನು ಬಯಸುವವನು ಮೊದಲು ಕಾಗದ ಪೆನ್ಸಿಲು ಹಿಡಿದು ಈ ಸಣ್ಣ ಭಾಗಾಕಾರವನ್ನು ಮಾಡಿ ನೋಡಲಿ.