ದೋಣಿ ಜೊತೆಗಿದ್ದೂ ಒಂಟಿ

ಈಜುಕೊಳದಲ್ಲಿ ಈಜುವವರಿಗೆ ಆಸರೆಗಳು ಹಲವು. ತಳದಲ್ಲಿ ಎಳೆದ ಕಪ್ಪು ಗೆರೆ, 50 ಮೀಟರಿಗೊಮ್ಮೆ ಎದುರಾಗುವ ಗೋಡೆ, ದಡದಲ್ಲಿ ಗಡಿಯಾರ ಹಿಡಿದು ನಿಂತ ತರಬೇತುದಾರ. ಕಡಲಿಗಿಳಿದರೆ ಇವು ಯಾವುವೂ ಇಲ್ಲ. ಮುಖ ನೀರಿನೊಳಗೆ, ಕಣ್ಣಿಗೆ ಹಸಿರು ಮಬ್ಬು, ಕಿವಿಗೆ ತನ್ನದೇ ಉಸಿರಿನ ಸದ್ದು. ದೂರದ ಓಟಗಾರನಿಗಾದರೂ ದಾರಿಯುದ್ದಕ್ಕೂ ಮರ, ಮನೆ, ಮನುಷ್ಯರು ಕಾಣುತ್ತಾರೆ.

ಇಂಗ್ಲಿಷ್ ಕಡಲ್ಗಾಲುವೆ ದಾಟಲು ಹೊರಟವರು ಡೋವರ್ ಬಂದರಿನೊಳಗೆ ಗಂಟೆಗಟ್ಟಲೆ ಅತ್ತಿಂದಿತ್ತ ಈಜುವುದು ಈ ಒಂಟಿತನವನ್ನು ರೂಢಿಸಿಕೊಳ್ಳಲೂ ಹೌದು. ಕಾಲುವೆಯ ಅತಿ ಕಿರಿದಾದ ಭಾಗ ಸುಮಾರು 33 ಕಿಲೋಮೀಟರ್. ಉಬ್ಬರ ಇಳಿತದ ಸೆಳೆತ ಪಕ್ಕಕ್ಕೆ ಒಯ್ಯುವುದರಿಂದ ಈಜಬೇಕಾದ ದೂರ ಇನ್ನೂ ಹೆಚ್ಚು. ನಿಮಿಷಕ್ಕೆ 60 ಬಾರಿ ಕೈ ಬೀಸಿದರೆ 12 ಗಂಟೆಗೆ 43,200 ಬಾರಿ! ಮನಸ್ಸು ಹಿಡಿದುಕೊಳ್ಳಲು ಆ ಎಣಿಕೆಯನ್ನು ಬಿಟ್ಟರೆ ಬೇರೇನಿದೆ? ಇದನ್ನು ತಪಸ್ಸೆಂದು ಹೊಗಳುವವರುಂಟು. ನನಗೆ ಮಾತ್ರ ಇದರಲ್ಲಿ ಬೇಸರವನ್ನು ಸಹಿಸುವ ಪಾಲೇ ದೊಡ್ಡದೆನಿಸುತ್ತದೆ.

ಕಾನೂನು ಓದಲು ಲಂಡನ್ನಿಗೆ ಹೋಗಿದ್ದ ಮಿಹಿರ್ ಸೇನ್ ಹಲವು ಸಲ ಸೋತು, 1958ರ ಸೆಪ್ಟೆಂಬರ್ 27ರಂದು 14 ಗಂಟೆ 45 ನಿಮಿಷಗಳಲ್ಲಿ ಈ ಕಾಲುವೆ ದಾಟಿದರು. ಭಾರತೀಯರಲ್ಲಿ ಅವರೇ ಮೊದಲಿಗರು. ಮರುವರ್ಷ ಆರತಿ ಸಾಹಾ ದಾಟಿದರು. ಅವರು ನೀರಿನಲ್ಲಿದ್ದದ್ದು 16 ಗಂಟೆಗೂ ಹೆಚ್ಚು.

ಹಾಗೆಂದು ದಾಟುವ ದಿನ ಯಾರೂ ಒಬ್ಬರೇ ಹೊರಡುವುದಿಲ್ಲ. ಪಕ್ಕದಲ್ಲೇ ಬೆಂಗಾವಲು ದೋಣಿ ಸಾಗುತ್ತದೆ. ಆದರೆ ಅದನ್ನು ಮುಟ್ಟುವಂತಿಲ್ಲ. ಕುಡಿಯಲು, ತಿನ್ನಲು ಬೇಕಾದ್ದನ್ನು ಹಗ್ಗಕ್ಕೋ ಕೋಲಿಗೋ ಕಟ್ಟಿ ಚಾಚುತ್ತಾರೆ. ಕೈಯಳತೆಯಲ್ಲಿ ಮನುಷ್ಯರಿದ್ದೂ ಅವರ ಕೈ ಹಿಡಿಯಬಾರದೆಂಬ ವಿಚಿತ್ರ ಏಕಾಂತವಿದು.

ಈ ದೋಣಿ ಏಕೆ ಬೇಕೆಂಬುದಕ್ಕೆ ಕಹಿ ಉದಾಹರಣೆಯೂ ಇದೆ. 1954ರಲ್ಲಿ ಟೆಡ್ ಮೇ ಎಂಬಾತ ಬೆಂಗಾವಲಿಲ್ಲದೆ ಕಾಲುವೆಗಿಳಿದ; ಜೀವಂತವಾಗಿ ದಡ ಸೇರಲಿಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸೆಳೆಯುತ್ತದೆ. ಬೇಸಿಗೆಯಲ್ಲೂ ಅಲ್ಲಿನ ನೀರು ತಣ್ಣಗೆ, 15ರಿಂದ 18 ಡಿಗ್ರಿ ಸೆಲ್ಸಿಯಸ್. 16 ಡಿಗ್ರಿ ಅಥವಾ ಅದಕ್ಕೂ ತಣ್ಣಗಿನ ನೀರಿನಲ್ಲಿ 6 ಗಂಟೆ ಈಜಿ ತೋರಿಸಿದವರಿಗಷ್ಟೇ ದಾಟುವ ಅವಕಾಶ ಸಿಗುವುದು ಅದಕ್ಕಾಗಿಯೇ. ಚಳಿಯ ಕಪಟವೆಂದರೆ ಅದು ಮೈಯ ಜೊತೆಗೆ ವಿವೇಚನೆಯನ್ನೂ ಮಂಕಾಗಿಸುತ್ತದೆ. ಸೋಲುತ್ತಿರುವವನಿಗೆ ತಾನು ಸೋಲುತ್ತಿರುವುದೇ ತಿಳಿಯದು. ತಿಂಗಳುಗಟ್ಟಲೆ ಒಂಟಿಯಾಗಿ ಗಳಿಸಿದ ಹಟವೇ ಆಗ ಅವನ ಶತ್ರು.

ಹಾಗಾಗಿ ದೋಣಿಯಲ್ಲಿ ಕುಳಿತವರೂ ಅದೇ ಕೈಬೀಸನ್ನು ಎಣಿಸುತ್ತಿರುತ್ತಾರೆ. ಲಯ ಕುಸಿದರೆ ಹೆಸರು, ಊರು, ಇಂದು ಯಾವ ವಾರ ಎಂದು ಕೂಗಿ ಕೇಳುತ್ತಾರೆ. ಉತ್ತರ ತಡವರಿಸಿದರೆ ತೋಳು ಹಿಡಿದು ಮೇಲಕ್ಕೆಳೆಯುತ್ತಾರೆ. ಮುಟ್ಟಿದೊಡನೆ ಆ ದಿನದ ಈಜು ಮುಗಿಯಿತು.