ಉತ್ತರ ಧ್ರುವ ವಲಯದ ಊರುಗಳಿಗೆ ಕೈಗೆಟಕುವ ದರದಲ್ಲಿ ಉಪಗ್ರಹ ಸಂಪರ್ಕ

ಕೆನಡಾ ದೇಶದ ನುನಾವುಟ್ ಪ್ರದೇಶದಲ್ಲಿ 25 ಊರುಗಳಿದ್ದು, ಅವುಗಳನ್ನು ಪರಸ್ಪರ ಜೋಡಿಸುವ ರಸ್ತೆಗಳಿರುವುದಿಲ್ಲ. ದೂರವಾಣಿ ಹಾಗೂ ಅಂತರ್ಜಾಲ ಸೇವೆಗಳಿಗೆ ಉಪಗ್ರಹವೇ ಆಧಾರವಾಗಿರುತ್ತದೆ.

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ, ಉತ್ತರಕ್ಕೆ ಸಾಗಿದಂತೆ ಅವು ದಿಗಂತದ ಅಂಚಿನಲ್ಲಿ ಮಾತ್ರ ಗೋಚರಿಸುತ್ತವೆ. ವೆಚ್ಚವನ್ನು ಹಂಚಿಕೊಳ್ಳುವ ಚಂದಾದಾರರೂ ವಿರಳ. ಆದ್ದರಿಂದಲೇ ದರ ಅಧಿಕವಾಗಿದ್ದು, ಕೆನಡಾ ಸರ್ಕಾರವು ಸೇವಾ ಸಂಸ್ಥೆಗಳಿಗೆ ಸಹಾಯಧನ ನೀಡುತ್ತ ಬಂದಿದೆ.

ಆದರೆ ದರವೊಂದನ್ನೇ ಇಳಿಸಿದರೆ ಸಾಲದು. 2011ರ ಅಕ್ಟೋಬರ್ 6ರಂದು ಅನಿಕ್ ಎಫ್2 ಎಂಬ ಒಂದೇ ಉಪಗ್ರಹದಲ್ಲಿ ದೋಷ ಉಂಟಾದಾಗ, ಹಲವು ಊರುಗಳಲ್ಲಿ ದೂರವಾಣಿ ಸ್ಥಗಿತಗೊಂಡು ವಿಮಾನ ಸಂಚಾರವೂ ನಿಂತುಹೋಯಿತು.

ಧ್ರುವಗಳ ಸಮೀಪ ಹಾದುಹೋಗುವ, ಸುಮಾರು 1,200 ಕಿ.ಮೀ. ಎತ್ತರದ ಒನ್‌ವೆಬ್ ಉಪಗ್ರಹಗಳು ಈಗ ಬದಲಿ ಮಾರ್ಗವನ್ನು ಒದಗಿಸುತ್ತಿವೆ. ಇವುಗಳ ಪೈಕಿ 72ನ್ನು 2022 ಮತ್ತು 2023ರಲ್ಲಿ ಶ್ರೀಹರಿಕೋಟಾದಿಂದ ಇಸ್ರೋದ ರಾಕೆಟ್‌ಗಳ ಮೂಲಕ ಉಡಾವಣೆ ಮಾಡಲಾಯಿತು.