ಐವತ್ತೈದರ ಸುಸ್ತಿಗೆ ಟೆಸ್ಟೋಸ್ಟೆರಾನ್ ಮದ್ದೇ?

ಐವತ್ತು ದಾಟಿದ ಗಂಡಸರು ಮಾಡಿಸಿಕೊಳ್ಳುವ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಸಾಲುಗಳ ಕೆಳಗೆ ಈಗ ಇನ್ನೊಂದು ಸಾಲೂ ಕಾಣಿಸಿಕೊಳ್ಳುತ್ತದೆ: ಟೋಟಲ್ ಟೆಸ್ಟೋಸ್ಟೆರಾನ್. ಅಲ್ಲಿ 280 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ವರ್ಷಗಳಿಂದ ಕಾಡುತ್ತಿದ್ದ ಸುಸ್ತು, ಸಿಡುಕು, ಮುಂದೆ ಬಂದ ಹೊಟ್ಟೆ, ಹಾಸಿಗೆಯಲ್ಲಿ ಕುಂದಿದ ಆಸೆ ಎಲ್ಲಕ್ಕೂ ಕಾರಣ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಕಡಿಮೆಯಾದದ್ದನ್ನು ಇಂಜೆಕ್ಷನ್ನಿನಿಂದಲೋ ಜೆಲ್‌ನಿಂದಲೋ ತುಂಬಿಸಿಕೊಂಡರಾಯಿತಲ್ಲ ಎಂಬ ಯೋಚನೆ ಹುಟ್ಟುವುದು ಸಹಜ. ಈ ಚಿಕಿತ್ಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಿಜವಾದ ಕೊರತೆ ಇದ್ದವರಿಗೆ ಅದು ಒಳ್ಳೆಯ ಮದ್ದು. ಆದರೆ ವಯಸ್ಸಿಗೆ, ಸುಸ್ತಿಗೆ ಅದು ಮದ್ದಲ್ಲ ಎನ್ನುವುದಕ್ಕೆ ಈಗ ಸಾಕಷ್ಟು ಪುರಾವೆ ಇದೆ.

ಮೊದಲು ಆ ಅಂಕಿಯನ್ನೇ ನೋಡೋಣ. ಟೆಸ್ಟೋಸ್ಟೆರಾನ್ ಬೆಳಗ್ಗೆ ಏರಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ತಿಂಡಿ ತಿಂದ ಮೇಲೆ, ಕಾಯಿಲೆ ಬಿದ್ದಾಗ, ನಿದ್ದೆಗೆಟ್ಟಾಗಲೂ ಇಳಿಯುತ್ತದೆ. ಅದಕ್ಕೇ ಬೆಳಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ರಕ್ತ ಕೊಡಬೇಕು. ಎರಡೂ ಸಲ ಸುಮಾರು 300ಕ್ಕಿಂತ (ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಅದನ್ನು ಕೊರತೆ ಎನ್ನುತ್ತಾರೆ. ಯಾವ ಲಕ್ಷಣಗಳು? ಯುರೋಪಿನಲ್ಲಿ 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹಾರ್ಮೋನಿನ ಇಳಿಕೆಯೊಂದಿಗೆ ಗಟ್ಟಿಯಾಗಿ ತಾಳೆಯಾದದ್ದು ಮೂರೇ: ಕಾಮಾಸಕ್ತಿ ಕುಂದುವುದು, ಮುಂಜಾವಿನ ನಿಮಿರುವಿಕೆ ಕಡಿಮೆಯಾಗುವುದು, ಮಿಲನದ ವೇಳೆ ನಿಮಿರುವಿಕೆಯ ತೊಂದರೆ. ಈ ಮೂರೂ ಇದ್ದು ರಕ್ತದಲ್ಲೂ ಕೊರತೆ ಇದ್ದವರು ಶೇ. 2.1 ಮಾತ್ರ. ಉಳಿದ ಅನೇಕರಲ್ಲಿ ಅಂಕಿಯನ್ನು ಕೆಳಗೆಳೆಯುವುದು ಬೊಜ್ಜು, ಸಕ್ಕರೆ ಕಾಯಿಲೆ. ತೂಕ ಇಳಿದರೆ ಅಂಕಿ ತಾನಾಗಿ ಮೇಲೇಳುತ್ತದೆ. ಹೊಟ್ಟೆ ಮತ್ತು ಸಕ್ಕರೆ ಮನೆಮನೆಯ ಮಾತಾಗಿರುವ ನಮ್ಮಲ್ಲಿ ಇದನ್ನು ಬಿಟ್ಟು ನೇರ ಇಂಜೆಕ್ಷನ್ನಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ.

‘ನನ್ನ ಗೆಳೆಯ ತೆಗೆದುಕೊಂಡ, ಹತ್ತು ವರ್ಷ ಚಿಕ್ಕವನಾದ’ ಎನ್ನುವವರಿದ್ದಾರೆ. ಪ್ಯಾರಿಸ್ಸಿನ ಹೆಸರಾಂತ ಶರೀರಶಾಸ್ತ್ರಜ್ಞ ಬ್ರೌನ್ ಸೆಕಾರ್ 1889ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿ ಹಂದಿಗಳ ವೃಷಣದ ರಸ ಚುಚ್ಚಿಕೊಂಡು ಹೀಗೇ ಸಾರಿದ್ದ. ಆ ನೀರಿನಂಥ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನ್ ಇರಲು ಸಾಧ್ಯವೇ ಇರಲಿಲ್ಲ; ಕೆಲಸ ಮಾಡಿದ್ದು ನಂಬಿಕೆ. ಆದ್ದರಿಂದಲೇ ಹುಸಿಮದ್ದಿನ ಜೊತೆ ಹೋಲಿಸಿ ನೋಡಬೇಕು. 65 ದಾಟಿದ, ಹಾರ್ಮೋನ್ ನಿಜಕ್ಕೂ ಕಡಿಮೆಯಿದ್ದ 790 ಅಮೆರಿಕನ್ನರಲ್ಲಿ ಒಂದು ವರ್ಷ ಹಾಗೆ ನೋಡಿದ ಫಲಿತಾಂಶ 2016ರಲ್ಲಿ ಬಂತು. ಲೈಂಗಿಕ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತು, ಮನಸ್ಸು ತುಸು ಹಗುರಾಯಿತು. ಸುಸ್ತಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರೆವಿಗೂ ಉಪಯೋಗವಾಗಲಿಲ್ಲ.

ಈ ಔಷಧದಿಂದ ಹೃದಯಕ್ಕೆ ಅಪಾಯ ಎಂಬ ಭಯ ಈಗ ಕಳೆದಿದೆಯಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಪ್ರಯೋಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು; ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಔಷಧ ಪಡೆದವರಲ್ಲಿ ಶೇ. 7, ಹುಸಿಮದ್ದು ಪಡೆದವರಲ್ಲಿ ಶೇ. 7.3. ಇದು ದೊಡ್ಡ ಸಮಾಧಾನ. ಆದರೆ ಅದೇ ಪ್ರಯೋಗದಲ್ಲಿ ಹೃದಯದ ಬಡಿತ ತಾಳ ತಪ್ಪುವುದೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದೂ ಔಷಧ ಪಡೆದವರಲ್ಲೇ ಹೆಚ್ಚು ಕಂಡವು. ಮೂಳೆ ಗಟ್ಟಿಯಾಗಬಹುದೆಂದು ಕಾದಿದ್ದವರಿಗೆ ಮೂಳೆ ಮುರಿತವೇ ಹೆಚ್ಚಾದದ್ದು ಕಂಡಿತು. ಇದೆಲ್ಲ ಕೊರತೆ ಖಚಿತವಾಗಿ, ವೈದ್ಯರ ಕಣ್ಣೆದುರಲ್ಲಿದ್ದವರ ಕಥೆ. ರಕ್ತ ಪರೀಕ್ಷೆಯನ್ನೇ ಮಾಡಿಸದೆ ಜಿಮ್ಮಿನವರ ಮಾತು ಕೇಳಿ ಚುಚ್ಚಿಸಿಕೊಳ್ಳುವವರಿಗೆ ಆ ಸಮಾಧಾನ ಸಲ್ಲುವುದಿಲ್ಲ.

ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಕೊಡುವುದಿಲ್ಲವೇ, ಗಂಡಸರಿಗೇಕೆ ಇಷ್ಟು ತಕರಾರು? ಹೆಂಗಸಿನ ಅಂಡಾಶಯ ಆ ವಯಸ್ಸಿಗೆ ಕೆಲಸ ನಿಲ್ಲಿಸುತ್ತದೆ. ಗಂಡಸಿನ ವೃಷಣ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಹೊರಗಿನ ಹಾರ್ಮೋನ್. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದೆ ಎಂದು ಕಂಡ ಮಿದುಳು ವೃಷಣಕ್ಕೆ ಆಜ್ಞೆ ಕಳಿಸುವುದನ್ನೇ ಬಿಡುತ್ತದೆ. ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಇಳಿದುಹೋಗುತ್ತದೆ. ಎರಡನೇ ಮದುವೆಯಾಗಿ ಮಗುವಿನ ಆಸೆ ಇರುವವರು ಇದನ್ನು ಮೊದಲೇ ತಿಳಿದಿರಬೇಕು. ರಕ್ತ ದಪ್ಪವಾಗುತ್ತಿದೆಯೇ, ಪ್ರಾಸ್ಟೇಟಿನ ಪಿಎಸ್‌ಎ ಏರುತ್ತಿದೆಯೇ ಎಂದು ಆಗಾಗ ನೋಡಿಸುತ್ತಿರಬೇಕು. ಜೆಲ್ ಆದರೆ ಹೆಗಲಿಗೆ ಹಚ್ಚಿ, ಒಣಗಿಸಿ, ಕೈ ತೊಳೆದು, ಅಂಗಿ ತೊಡಬೇಕು. ಬರಿಮೈಯಲ್ಲಿ ಮೊಮ್ಮಗುವನ್ನು ಹೆಗಲಿಗೇರಿಸಿಕೊಂಡರೆ ಔಷಧ ಕೂಸಿನ ಚರ್ಮಕ್ಕೂ ಇಳಿಯುತ್ತದೆ. ಇಷ್ಟಕ್ಕೆಲ್ಲ ಸಿದ್ಧರಿದ್ದು, ಕೊರತೆ ಎರಡು ಸಲ ರುಜುವಾತಾಗಿ, ದಾಂಪತ್ಯದ ಆ ಸುಖ ನಿಜಕ್ಕೂ ಬೇಕೆನ್ನಿಸಿದರೆ ಸಂಕೋಚಪಡದೆ ಶುರುಮಾಡಬಹುದು. ಹಾಗೆ ಶುರುಮಾಡಿದವರಲ್ಲೂ ವರ್ಷದೊಳಗೆ ಆ ಸುಧಾರಣೆ ಕಾಣದಿದ್ದರೆ ನಿಲ್ಲಿಸಿ ಎಂದು ಅಮೆರಿಕದ ವೈದ್ಯರ ಕಾಲೇಜು 2020ರಲ್ಲಿ ಸಲಹೆ ಕೊಟ್ಟಿದೆ. ನಿಲ್ಲಿಸಿದ ಮೇಲೆ ವೃಷಣ ಮತ್ತೆ ಎಚ್ಚೆತ್ತುಕೊಳ್ಳಲು ತಿಂಗಳುಗಳೇ ಹಿಡಿಯಬಹುದು, ಅಷ್ಟು ದಿನ ಮೊದಲಿಗಿಂತ ಹೆಚ್ಚು ಸುಸ್ತು ಕಾಡಬಹುದು. ಆ ತಿಂಗಳುಗಳ ಮಾತನ್ನೂ ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ವೈದ್ಯರ ಜೊತೆ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆಡಿಬಿಡಬೇಕು.